ಯುದ್ಧದ ಕಾರಣ ಮತ್ತು ಇನ್ನೂರು ಚೀಲ ಶೇಂಗಾ

ಇನ್ನೂರು ಚೀಲ ಶೇಂಗಾ, ಚೀಲಕ್ಕೆ ಐವತ್ತರ ಮೇಲೆ ಐದು ರೂಪಾಯಿ. ಎಪ್ಪತ್ತೊಂದರ ಡಿಸೆಂಬರಿನಲ್ಲಿ ನನಗೆ ಬೇಕಾಗಿದ್ದದ್ದು ಇಷ್ಟೇ. ನಲವತ್ತೆಂಟರಂತೆ ಕೊಂಡು ಅಕ್ಕಲಕೋಟದ ಒಂದು ಬಾಡಿಗೆ ಗೋದಾಮಿನಲ್ಲಿ ಇಟ್ಟಿದ್ದೆ. ಗೋದಾಮಿನ ಮಾಲಕ ತನ್ನ ಹೊಸ ತೊಗರಿ ಬರುತ್ತದೆಂದೂ, ಹದಿನೈದನೇ ತಾರೀಖಿಗೆ ಜಾಗ ಖಾಲಿ ಆಗಬೇಕೆಂದೂ ಹೇಳಿ ಕಳಿಸಿದ್ದ. ಸೊಲ್ಲಾಪುರದ ಒಬ್ಬ ಎಣ್ಣೆ ಗಿರಣಿ ಮಾಲಕನಿಗೆ ಶೇಂಗಾ ಬೇಕಿತ್ತು. ನನ್ನ ಹತ್ತಿರ ಇತ್ತು. ಇದಕ್ಕಿಂತ ಸರಳವಾದ ವ್ಯವಹಾರ ನಾನು ಮೂವತ್ತು ವರ್ಷದಲ್ಲಿ ಮಾಡಿಲ್ಲ. ಆದರೆ ಆ ತಿಂಗಳ ಮೂರನೇ ತಾರೀಖಿಗೆ ಪಾಕಿಸ್ತಾನದ ಜೊತೆ ಯುದ್ಧ ಶುರುವಾಯಿತು.

ಯುದ್ಧ ಮಾಡಲು ಸೈನ್ಯ ಇತ್ತು. ಅದು ತನ್ನ ಕೆಲಸ ಮಾಡಿತು, ಚೆನ್ನಾಗಿಯೇ ಮಾಡಿತು. ನನ್ನ ಸಿಟ್ಟು ಅದರ ಮೇಲಲ್ಲ. ಗಡಿಯಿಂದ ನೂರಾರು ಹರದಾರಿ ದೂರದಲ್ಲಿ ಕುಳಿತು, ಈ ಯುದ್ಧ ಯಾಕೆ ಆಯಿತು ಎಂಬುದು ತೀರ್ಮಾನ ಆಗುವ ತನಕ ತಮ್ಮ ಕೆಲಸ ಮುಟ್ಟುವುದಿಲ್ಲ ಎಂದು ಹಟ ಹಿಡಿದವರ ಮೇಲೆ. ಇದು ನನಗೆ ಮೊದಲ ಸಲ ಆದದ್ದೂ ಅಲ್ಲ. ಅರವತ್ತೆರಡರಲ್ಲಿ ಹುಣಸೆ ಹೋಯಿತು, ಅರವತ್ತೈದರಲ್ಲಿ ಬೆಲ್ಲ ಹೋಯಿತು. ಯಾವ ದೇಶ ಯಾವ ದೇಶದ ಮೇಲೆ ಏರಿ ಹೋದರೂ ಮೊದಲ ಪೆಟ್ಟು ಬೀಳುವುದು ನನ್ನ ಅಂಗಡಿಗೆ.

೧. ಒಂದು ದಿನ ಹಿಂದಿನ ಯುದ್ಧ

ಸೊಲ್ಲಾಪುರದ ನನ್ನ ಅಂಗಡಿಗೆ ದಿನಾ ಬೆಳಿಗ್ಗೆ ಇಬ್ಬರು ಬರುತ್ತಿದ್ದರು. ಒಬ್ಬರು ಕನ್ನಡ ಸಾಲೆಯಿಂದ ನಿವೃತ್ತರಾದ ಮಾಸ್ತರರು. ಇನ್ನೊಬ್ಬ ಎದುರಿನ ಓಣಿಯ ದರ್ಜಿ. ಇಬ್ಬರೂ ಒಂದು ಸೇರು ಕಾಳು ಕೊಂಡವರಲ್ಲ. ಅವರು ಬರುತ್ತಿದ್ದದ್ದು ನಾನು ದುಡ್ಡು ಕೊಟ್ಟು ತರಿಸುವ ಎರಡು ಪೇಪರ್ ಓದಲು. ದರ್ಜಿ ಮರಾಠಿ ಪೇಪರ್ ಓದುತ್ತಿದ್ದ. ಅದು ಅವತ್ತಿನದು ಅವತ್ತೇ ಬರುತ್ತಿತ್ತು. ಮಾಸ್ತರರು ಕನ್ನಡ ಪೇಪರ್ ಓದುತ್ತಿದ್ದರು. ಅದು ಹುಬ್ಬಳ್ಳಿಯಿಂದ ರೈಲು ಹತ್ತಿ ಬರುವಷ್ಟರಲ್ಲಿ ಮರುದಿನ ಆಗುತ್ತಿತ್ತು. ಹಾಗಾಗಿ ನನ್ನ ಗಾದಿಯ ಮೇಲೆ ಎರಡು ಯುದ್ಧ ನಡೆದಿದ್ದವು. ಮಾಸ್ತರರದು ದರ್ಜಿಯದಕ್ಕಿಂತ ಒಂದು ದಿನ ಹಿಂದೆ.

ಏಳನೇ ತಾರೀಖಿಗೆ ಗಿರಣಿಯ ಮುನೀಮ ನಮೂನೆ ನೋಡಲು ಬರುವವನಿದ್ದ. ಒಂದು ಹಿತ್ತಾಳೆ ತಾಟಿನಲ್ಲಿ ಆರಿಸಿದ ಶೇಂಗಾ ತುಂಬಿ ಗಾದಿಯ ಮೇಲೆ ಇಟ್ಟು, ನಾನು ಒಳಗೆ ಜೋಳದ ಚೀಲ ತೂಗಿಸಲು ಹೋದೆ. ಹೊರಗೆ ಮಾಸ್ತರರ ದನಿ ಕೇಳಿಸುತ್ತಿತ್ತು.

"ಇದರ ಕಾರಣ ನಕಾಶದಾಗ ಅದಪಾ. ಒಂದು ದೇಶಾನ ಎರಡು ತುಂಡು ಮಾಡಿ, ಒಂದು ಇಲ್ಲಿ ಇಟ್ರು, ಒಂದು ಅಲ್ಲಿ ಇಟ್ರು. ನಡುವ ನಾವು. ಹಿಂಗ ನೋಡು."

ಹಿಂಗ ನೋಡು ಎಂದಾಗಲೇ ನಾನು ಹೊರಗೆ ಬರಬೇಕಿತ್ತು. ಬರಲಿಲ್ಲ.

"ಕಾರಣ ನಕಾಶ ಅಲ್ರೀ ಮಾಸ್ತರ," ದರ್ಜಿ ಅಂದ. "ಭಾಷಾ. ಅವರ ಭಾಷಾ ಇವರ ಮ್ಯಾಲ ಹೇರಿದ್ರು."

"ಭಾಷಾ ಬ್ಯಾರೆ ಅಂತ ಯುದ್ಧ ಆಗೂದಿದ್ರ ಸೊಲ್ಲಾಪುರದಾಗ ದಿನಾ ಆಗಬೇಕಿತ್ತು. ನಾ ಕನ್ನಡದಾಗ ಬಟನ್ ಹಚ್ಚು ಅಂತೀನಿ, ನೀ ಮರಾಠಿಯೊಳಗ ಉದ್ಯಾ, ಅಂದ್ರ ನಾಳೆ, ಅಂತೀ. ನಾ ನಿನ್ನ ಮ್ಯಾಲ ಬಾಂಬ್ ಹಾಕೀನೇನು?"

"ಅದಿರ್ಲಿ. ನಮ್ಮ ಮಂದಿ ಈ ನದಿ ದಾಟ್ಯಾರ, ಇಲ್ಲಿ ಬಂದಾರ."

"ದಾಟಿಲ್ಲ. ತಗಿ. ಹಿಂದ ಇಡು."

"ಪೇಪರ್‌ದಾಗ ಬಂದದ ರೀ."

"ನನ್ನ ಪೇಪರ್‌ದಾಗ ಬಂದಿಲ್ಲ."

"ನಿಮ್ಮದು ನಿನ್ನಿದು."

"ನಿನ್ನೆ ಛಾಪಿಸಿದ್ದು ಇವತ್ತ ಸುಳ್ಳ ಆಗತದೇನು? ನಾಳೆ ನನ್ನ ಪೇಪರ್ ಬರಲಿ, ಆಮ್ಯಾಲ ದಾಟಸು."

ನಾನು ಮುನೀಮನ ದನಿ ಕೇಳಿ ಹೊರಗೆ ಬಂದೆ. ತಾಟು ಇತ್ತು. ಎಡಕ್ಕೆ ಒಂದು ಗುಡ್ಡೆ, ಬಲಕ್ಕೆ ಒಂದು ಗುಡ್ಡೆ, ನಡುವೆ ನನ್ನ ಕನ್ನಡಕದ ಡಬ್ಬಿ. ಗುಡ್ಡೆಗಳಲ್ಲಿ ಇದ್ದದ್ದು ಬರೀ ಸಿಪ್ಪೆ. ಸೋತ ಸೈನ್ಯವನ್ನು ದರ್ಜಿ ತಿಂದಿದ್ದ. ಅದು ಇನ್ನೂ ಸೋತಿಲ್ಲ ಎಂದು ವಾದಿಸುತ್ತಲೇ ಮಾಸ್ತರರು ಗೆದ್ದದ್ದನ್ನು ತಿಂದಿದ್ದರು.

ಮುನೀಮ ತಾಟು ನೋಡಿದ, ನನ್ನನ್ನು ನೋಡಿದ. "ಮಾಲಕರು ಕಣ್ಣಿಲೆ ನೋಡದ ಮಾಲು ತಗೋಳಂಗಿಲ್ಲ. ಹದಿನಾಲ್ಕನೇ ತಾರೀಖಿಗೆ ಅವರೇ ಅಕ್ಕಲಕೋಟಕ್ಕ ಬರತಾರ. ಗೋದಾಮಿನ ಮುಂದ ಚೀಲ ತಗಸಿ ಇಡ್ರಿ," ಎಂದು ಹೋದ. ಅಂದರೆ ಏಳು ದಿನ ಹೋದವು, ಉಳಿದದ್ದು ಒಂದೇ ದಿನ.

ನಾನು ಮಾಸ್ತರರ ಕಡೆ ತಿರುಗಿ, "ಸಿಕ್ಕಿತೇನ್ರಿ ಕಾರಣ?" ಎಂದು ಹಲ್ಲು ಕಡಿದು ಕೇಳಿದೆ.

ಅವರು ಧೋತರದ ಮೇಲಿನ ಸಿಪ್ಪೆ ಝಾಡಿಸುತ್ತ ಅಂದರು, "ಕಾರಣ ಇನ್ನೂ ಸಿಕ್ಕಿಲ್ಲ ಸಾವಕಾರ್ರ. ಆದ್ರ ಎರಡೂ ಕಡಿ ಭಾಳ ಹಾನಿ ಆಗೇದ."

೨. ಬಸ್ಸಿನಲ್ಲಿ ಗಡಿ

ಹದಿನಾಲ್ಕರ ಬೆಳಿಗ್ಗೆ ಅಕ್ಕಲಕೋಟದ ಬಸ್ಸಿಗೆ ಹೋದೆ. ಕಿಟಕಿಯಿಂದ ಟವಲು ಒಗೆದು ಜಾಗ ಹಿಡಿಯುವುದರಲ್ಲಿ ನನಗೆ ಯಾರೂ ಸಮ ಇಲ್ಲ. ಮೂರು ಜನರ ಸೀಟಿನಲ್ಲಿ ನಡುವಿನ ಜಾಗ ಸಿಕ್ಕಿತು. ಎಡಕ್ಕೆ ಒಬ್ಬ ಮಿಲ್ಲಿನ ಕ್ಲಾರ್ಕ್ ಕೂತ. ಬಲಕ್ಕೆ ಒಬ್ಬ ಸರಕಾರಿ ಆಫೀಸಿನ ಪಟ್ಟೇವಾಲಾ ಕೂತ. ಬಸ್ಸು ಇನ್ನೂ ಊರು ದಾಟಿರಲಿಲ್ಲ, ಕ್ಲಾರ್ಕ್ ನನ್ನ ಹೊಟ್ಟೆಯ ಮೇಲಿಂದ ಆಚೆಗೆ ಬಾಗಿ ಕೇಳಿದ.

"ಕಾಕಾ, ಇದು ಯಾಕ ಆತು ಅಂತೀರಿ?"

"ಅವರು ಮೊದಲ ವಿಮಾನ ತಂದು ಬಾಂಬ್ ಹಾಕಿದ್ರು. ಅದಕ್ಕ ಆತು."

"ಅದು ಶುರುವಾತು ಅಷ್ಟ. ಕಾರಣ ಅಲ್ಲ. ಕಾರಣ ನಿರಾಶ್ರಿತರು. ಅಲ್ಲಿ ಹೊಡದ್ರು, ಇಲ್ಲಿ ಓಡಿ ಬಂದ್ರು. ಎಷ್ಟು ದಿನಾ ಅನ್ನಾ ಹಾಕೂದು?"

"ಹಂಗಾರ ಮೊದಲ ಕೈ ಎತ್ತಿದವ ಯಾರು?"

"ಮೊದಲ ದೂಕಿದವ ಯಾರು?"

ಹೀಗೆ ದೂಕು, ಕೈ ಎತ್ತು ಎಂಬುದು ಬಾಯಿಯಲ್ಲೇ ನಡೆದಿದ್ದರೆ ನಾನು ಸುಮ್ಮನಿರುತ್ತಿದ್ದೆ. ಪಟ್ಟೇವಾಲಾನಿಗೆ ಉದಾಹರಣೆ ಬೇಕಾಯಿತು. "ನೋಡ್ರಿ, ಈ ಸಾವಕಾರ್ರು ಸೀಮಿ ಅಂತ ತಿಳೀರಿ," ಎಂದ. ಸೀಮಿ ಅಂದರೆ ಗಡಿ. "ಈ ಕಡಿ ನಾವು, ಆ ಕಡಿ ಅವರು. ನೀವು ಹಿಂಗ ಬಂದ್ರಿ." ಕ್ಲಾರ್ಕ್ ಬಂದ. ಅವನ ಮೊಳಕೈ ನನ್ನ ಪಕ್ಕೆಗೆ ಬಿತ್ತು. "ನಾ ಹಿಂಗ ತಡದೆ." ಅವನು ತಡೆದ. ಅದೂ ನನ್ನ ಪಕ್ಕೆಯಲ್ಲೇ.

"ನಾ ಶೇಂಗಾ ಮಾರಾಕ ಹೊಂಟೀನಿ," ಅಂದೆ. "ನನ್ನನ್ನ ಇದರಾಗ ಯಾಕ ತರತೀರಿ?"

"ನೀವು ನಡುವ ಕುಂತೀರಲ್ರಿ," ಕ್ಲಾರ್ಕ್ ಅಂದ. "ನಡುವ ಕುಂತವರು ಸೀಮಿನ ಆಗಬೇಕು."

ಎರಡನೇ ಸಲ ಅವರು ಗಡಿ ದಾಟಿದಾಗ ನನ್ನ ಟೊಪ್ಪಿಗೆ ಬಿತ್ತು. ಇವರಿಬ್ಬರೂ ನೇರ ಬಡಿದಾಡಿಕೊಳ್ಳಲಿ ಎಂದು ನಾನು ಎದ್ದು ನಿಂತು ಟೊಪ್ಪಿಗೆ ಎತ್ತಿಕೊಂಡೆ. ಅಷ್ಟು ಹೊತ್ತೂ ಕಂಬಿ ಹಿಡಿದು ನಿಂತಿದ್ದ ನಾಗಣಸೂರಿನ ಒಬ್ಬ ಮುದುಕಿ ತನ್ನ ಬುಟ್ಟಿಯ ಸಮೇತ ನನ್ನ ಜಾಗದಲ್ಲಿ ಕೂತಳು. ಎರಡೂ ದೇಶ ತೆಪ್ಪಗಾದವು. ಬುಟ್ಟಿಯಲ್ಲಿ ಒಣ ಮೆಣಸಿನಕಾಯಿ ಇತ್ತು. ಅದರ ಮೇಲೆ ಯಾರೂ ಬಾಗಲಾರರು.

ಕಂಡಕ್ಟರ್ ಬಂದು, "ಪುಢೆ ಸರ್ಕಾ, ಪುಢೆ ಸರ್ಕಾ," ಎಂದು ನನ್ನನ್ನೇ ಮುಂದಕ್ಕೆ ತಳ್ಳಿದ.

"ಎವ್ವಾ, ಅದು ನನ್ನ ಜಾಗಾ," ಎಂದು ನಾನು ಮುದುಕಿಗೆ ಹೇಳಿದೆ.

"ಇವರಿಬ್ರೂ ನೀ ಸೀಮಿ ಅಂದ್ರಲ್ಲೋ ಯಪ್ಪಾ," ಎಂದಳು ಆಕೆ ಎಲೆಗೆ ಸುಣ್ಣ ಹಚ್ಚುತ್ತ. "ಸೀಮಿ ಕಲ್ಲು ಎಲ್ಲೆರ ಕುಂತದ್ದು ನೋಡೀಯೇನು? ಅದು ನಿಂತಿರತೈತಿ."

ಎರಡೂ ದೇಶ ಕೂತು ಹೋದವು. ಗಡಿ ಮಾತ್ರ ಅಕ್ಕಲಕೋಟದ ತನಕ ನಿಂತೇ ಹೋಯಿತು.

೩. ಬೆನ್ನಿಗೂ ಯುದ್ಧಕ್ಕೂ ಸಂಬಂಧ

ಗೋದಾಮಿನ ಮುಂದೆ ಆರು ಮಂದಿ ಹಮಾಲರು ಕೂತಿದ್ದರು. ಗಿರಣಿ ಮಾಲಕ ಬರುವುದರೊಳಗೆ ಇನ್ನೂರೂ ಚೀಲ ಹೊರಗೆ ತಂದು ಒಂದರ ಮೇಲೊಂದು ಥಪ್ಪಿ ಹಾಕಬೇಕು. ಇಬ್ಬರು ಎತ್ತಿ ಮೂರನೆಯವನ ಬೆನ್ನಿಗೆ ಕೊಡುವುದು ಪದ್ಧತಿ. ಯಾರೂ ಏಳಲಿಲ್ಲ.

ಅವರ ಮೇಲಿನ ಮುಕಾದಮ ಭಂಡಾರಕವಠೆ ಊರಿನವನು, ವಯಸ್ಸಾದವನು, ತೂಕದ ಮಾತಿನವನು. "ಜರಾ ತಡೀರಿ ಸಾವಕಾರ್ರ," ಅಂದ. "ಇವರಿಬ್ಬರದು ಮಾತು ಹರದಿಲ್ಲ. ಇವ ಅಂತಾನ, ಅಮೇರಿಕಾದವರು ಬಂದೂಕು ಕೊಟ್ರು, ಅದಕ್ಕ ಯುದ್ಧ ಆತು. ಇವ ಅಂತಾನ, ಕೊಟ್ರ ಏನಾತು, ಹೊಡಿ ಅಂತ ಹೇಳಿದ್ರೇನು. ಒಬ್ಬರ ಮಾರಿ ಒಬ್ಬರು ನೋಡಲ್ರು. ಜೋಡಿ ಹ್ಯಾಂಗ ಚೀಲ ಎತ್ತತಾರ?"

"ಜೋಡಿ ಬದಲ ಮಾಡು."

"ಮಾಡಿದ್ನಿರಿ. ಹಿಂಗ ಮಾಡಿದ್ರ ಆ ಕಡಿ ಬಿಗಡಾಸತೈತಿ. ಆರೂ ಮಂದಿಗೆ ಬ್ಯಾರೆ ಬ್ಯಾರೆ ಕಾರಣ ಐತಿ."

ನಾನು ಆಕಾಶ ನೋಡಿದೆ. ಹೊತ್ತು ಏರುತ್ತಿತ್ತು. "ನಿನ್ನದೇನು ಕಾರಣ?" ಎಂದು ಮುಕಾದಮನನ್ನೇ ಕೇಳಿದೆ, ಬೇಗ ಮುಗಿಯಲಿ ಎಂದು.

"ನನಗ ಅದೆಲ್ಲಾ ತಿಳಿಯಂಗಿಲ್ರಿ. ಯುದ್ಧ ಬಂದೈತಿ, ಎಲ್ಲಾ ತುಟ್ಟಿ ಆಗೈತಿ, ಇಷ್ಟ ತಿಳದೈತಿ. ಚೀಲಕ್ಕ ಇಪ್ಪತ್ತೈದು ಪೈಸೆ ಇದ್ದದ್ದು ಮೂವತ್ತೈದು ಮಾಡ್ರಿ. ಎಲ್ಲಾರೂ ಎದ್ದ ಬಿಡತಾರ."

ನನ್ನ ಪಿತ್ತ ನೆತ್ತಿಗೇರಿತು. ಗಡಿ ಎಲ್ಲಿ, ಅಕ್ಕಲಕೋಟದ ಹಮಾಲಿ ಎಲ್ಲಿ. "ಯುದ್ಧ ನಡದದ್ದು ಬಂಗಾಲದಾಗ. ಚೀಲಾ ಅದೇ ಚೀಲಾ. ಹೊರೂ ಬೆನ್ನು ಅದೇ ಬೆನ್ನು. ಯುದ್ಧಕ್ಕೂ ನಿಮ್ಮ ಬೆನ್ನಿಗೂ ಏನ ಸಂಬಂಧ, ಹೇಳು ನೋಡೋಣ."

ಅವನು ಸಾವಕಾಶ ಬೀಡಿ ಆರಿಸಿ, ಉಳಿದ ತುಂಡನ್ನು ಕಿವಿಯ ಸಂದಿಯಲ್ಲಿ ಇಟ್ಟ. "ಸಂಬಂಧ ಇಲ್ರಿ, ಖರೇ ಐತಿ. ಹೋದ ತಿಂಗಳ ನಿಮ್ಮ ಶೇಂಗಾ ಐವತ್ತು ಅಂದಿದ್ರಿ. ಈಗ ಐವತ್ತೈದು ಅನ್ನಾಕತ್ತೀರಿ. ಅದು ಅದೇ ಶೇಂಗಾ ಏನ್ರಿ?"

ಮೂವತ್ತೈದು ಪೈಸೆ ಕೊಟ್ಟೆ. ಅಮೇರಿಕಾ ಬಂದೂಕು ಕೊಟ್ಟದ್ದನ್ನು ಆರೂ ಮಂದಿ ಆ ಕ್ಷಣವೇ ಕ್ಷಮಿಸಿಬಿಟ್ಟರು.

೪. ಟವಲಿನ ಒಳಗೆ

ಮಧ್ಯಾಹ್ನದ ಊಟದ ಹೊತ್ತಿಗೆ ಗಿರಣಿ ಮಾಲಕ ಜೀಪಿನಲ್ಲಿ ಬಂದ. ಎರಡು ಚೀಲಕ್ಕೆ ಕೈ ಹಾಕಿ ಶೇಂಗಾ ಒಡೆದು ನೋಡಿದ, ಮೂಸಿದ, ತಿಂದ, ತಲೆದೂಗಿದ. ಮಾಲು ಒಪ್ಪಿಗೆಯಾಯಿತು. ಉಳಿದದ್ದು ದರ.

ನಮ್ಮಲ್ಲಿ ದರವನ್ನು ಬಾಯಿಂದ ಹೇಳುವುದಿಲ್ಲ. ಕೊಡುವವನೂ ಕೊಳ್ಳುವವನೂ ಎದುರುಬದುರು ಕೂತು ಕೈ ಚಾಚುತ್ತಾರೆ. ದಲಾಲ ಕೈಗಳ ಮೇಲೆ ಟವಲು ಮುಚ್ಚುತ್ತಾನೆ. ಒಳಗೆ ಬೆರಳು ಹಿಡಿದು ದರ ಹೇಳುವುದು. ಅವತ್ತು ಐವತ್ತು ಮೊದಲೇ ಮಾತಾಗಿತ್ತು. ಅದರ ಮೇಲೆ ಬೆರಳಿಗೊಂದು ರೂಪಾಯಿ. ಒಬ್ಬ ಹಿಡಿದದ್ದಕ್ಕೆ ಇನ್ನೊಬ್ಬ 'ಹೂಂ' ಅಂದರೆ ದಲಾಲ ಟವಲು ಎಳೆಯುತ್ತಾನೆ. ಎಳೆದ ಮೇಲೆ ಮುಗಿಯಿತು, ಸ್ವಂತ ತಂದೆ ಬಂದು ಹೇಳಿದರೂ ದರ ಬದಲಾಗದು. ಈ ಪದ್ಧತಿ ಬಿಡಬೇಕೆಂದು ಸರಕಾರ ಬೋರ್ಡು ಹಚ್ಚಿಸಿತ್ತು. ದಲಾಲ ಬಿಸಿಲು ತಾಗಬಾರದೆಂದು ಆ ಬೋರ್ಡಿನ ನೆರಳಿನಲ್ಲೇ ಕೂರುತ್ತಿದ್ದ.

ಇನ್ನೊಂದು ಪದ್ಧತಿ ಇದೆ. ಟವಲಿನ ಒಳಗೆ ಬೆರಳು ಓಡಾಡುವಾಗ ಬಾಯಿ ಬೇರೆ ಮಾತಾಡುತ್ತಿರಬೇಕು, ಸುತ್ತ ನಿಂತವರಿಗೆ ದರದ ಸುಳಿವು ಹತ್ತಬಾರದು. ಮಳೆ, ಮದುವೆ, ಮಂಡಿನೋವು, ಏನಾದರೂ. ಗಿರಣಿ ಮಾಲಕ ಯಾವುದನ್ನು ಆರಿಸಿಕೊಂಡ ಎಂದು ಹೇಳಬೇಕಾಗಿಲ್ಲ.

"ಸಾವಕಾರ್ರ, ಈ ಯುದ್ಧಕ್ಕ ಕಾರಣ ಒಂದಲ್ಲ. ಐದು ಅದಾವ," ಎಂದು ನನ್ನ ಎರಡು ಬೆರಳು ಹಿಡಿದ. ಅಂದರೆ ಐವತ್ತೆರಡು.

ನಾನು ಮಾತಾಡದೆ ಅವನ ಐದೂ ಬೆರಳು ಹಿಡಿದೆ.

"ಮೊದಲನೇದು ನಕಾಶ. ಎರಡನೇದು ಭಾಷಾ." ಮೂರು ಬೆರಳು ಹಿಡಿದ.

ನಾನು ಮತ್ತೆ ಐದು ಹಿಡಿದೆ. ಬಾಯಿ ಬಿಗಿ ಹಿಡಿದೆ.

"ಮೂರನೇದು ನಿರಾಶ್ರಿತರು. ನಾಕನೇದು ಅಮೇರಿಕಾ." ನಾಲ್ಕು ಹಿಡಿದ. ಗಟ್ಟಿಯಾಗಿ ಹಿಡಿದ. ನನಗೆ ಗೊತ್ತಾಯಿತು, ಇನ್ನೊಂದು ಸಲ ಐದು ಹಿಡಿದು ಸ್ವಲ್ಪ ಅದುಮಿದರೆ ಇವನು ಬರುತ್ತಾನೆ. ಮೂವತ್ತು ವರ್ಷ ಬೆರಳು ಹಿಡಿದವನಿಗೆ ಇದು ತಿಳಿಯುತ್ತದೆ. ನಾನು ಕೈ ತೆರೆದೆ.

"ಐದನೇದು," ಎಂದು ಅವನು ಸುತ್ತ ನಿಂತವರ ಕಡೆ ನೋಡಿ ನಕ್ಕ, "ನಿಮ್ಮಂಥಾ ವ್ಯಾಪಾರಿಗಳು. ಯುದ್ಧ ಬಂದ್ರ ಮಾಲು ತುಟ್ಟಿ ಆಗತದ. ನಿಮಗ ಬೇಕಾಗೇ ಆಗೇದ."

ಈ ಮಾತನ್ನು ಮಾಸ್ತರರು ಆಡಿದ್ದರೆ ನುಂಗುತ್ತಿದ್ದೆ. ಹಮಾಲ ಆಡಿದಾಗ ನುಂಗಿಯೂ ಇದ್ದೆ. ಆಡಿದವನು ಎಣ್ಣೆ ಗಿರಣಿಯವನು. ಅವನ ಗಿರಣಿಯ ಹಿಂದಿನ ಖೋಲಿಯಲ್ಲಿ ಎಣ್ಣೆಯ ಡಬ್ಬಿಗಳು ಮೂರನೇ ತಾರೀಖಿನಿಂದ ಬೆಳಕು ಕಂಡಿರಲಿಲ್ಲ, ಇಡೀ ಸೊಲ್ಲಾಪುರಕ್ಕೆ ಗೊತ್ತು. ಹನ್ನೊಂದು ದಿನದಿಂದ ನಾನು ಸುಮ್ಮನಿದ್ದೆ. ನನ್ನ ನಮೂನೆ ತಿಂದರು, ಪಕ್ಕೆಗೆ ತಿವಿದರು, ಹಮಾಲಿ ಏರಿಸಿದರು. ಯಾರೊಬ್ಬರೂ, ಸಾವಕಾರ್ರ, ನಿಮಗೇನು ಅನಸತದ ಎಂದು ಕೇಳಿರಲಿಲ್ಲ. ನನಗೂ ಒಂದು ಕಾರಣ ಗೊತ್ತಿತ್ತು. ಅದೇ ಖರೇ ಕಾರಣವೂ ಆಗಿತ್ತು.

"ಐದೂ ಅಲ್ಲ, ನಾಕೂ ಅಲ್ಲ," ಎಂದು ಕೂಗಿದೆ. "ಕಾರಣ ಒಂದ ಅದ. ಪಾಕಿಸ್ತಾನದಾಗ ಚುನಾವಣೆ ಗೆದ್ದವನಿಗೆ ಖುರ್ಚಿ ಬಿಟ್ಟ ಕೊಡಲಿಲ್ಲ. ಬಿಟ್ಟಿದ್ರ ನಕಾಶ ಇಲ್ಲ, ನಿರಾಶ್ರಿತರಿಲ್ಲ, ಬಾಂಬ್ ಇಲ್ಲ. ಒಂದ ಕಾರಣ. ತಿಳೀತೇನು? ಒಂದ."

ಒಂದ ಎಂದಾಗಲೆಲ್ಲ ಅವನ ಒಂದು ಬೆರಳು ಹಿಡಿದು ಜಗ್ಗುತ್ತಿದ್ದೆ ಎಂಬುದು ನನಗೆ ತಿಳಿದದ್ದು ಅವನು ತಣ್ಣಗೆ "ಹೂಂ" ಎಂದ ಮೇಲೆ. ದಲಾಲ ಟವಲು ಎಳೆದ.

ಎಲ್ಲರ ಮುಂದೆ ನನ್ನ ಮುಷ್ಟಿಯಲ್ಲಿ ಗಿರಣಿ ಮಾಲಕನ ತೋರುಬೆರಳು ಒಂದೇ ಒಂದು ಇತ್ತು.

"ಐವತ್ತೊಂದಕ್ಕ ಆತು," ದಲಾಲ ಅಂದ.

"ಏನ ಆತು? ನಾ ಕಾರಣ ಹೇಳಾಕತ್ತಿದ್ದೆ."

"ಟವಲಿನ ಒಳಗ ಕಾರಣ ಇರಂಗಿಲ್ಲ ಸಾವಕಾರ್ರ. ದರಾ ಇರತದ."

"ಈಗಷ್ಟ ನಾಕು ಹಿಡದಿದ್ದ ಇವ. ನಾಕು ಕೊಟ್ಟವನ ಕಡಿಂದ ಒಂದ ಯಾರರ ತಗೋತಾರೇನು?"

"ಒಳಗ ಏನ ನಡದಿತ್ತು ನಾ ಹ್ಯಾಂಗ ನೋಡಲಿ?" ದಲಾಲ ಟವಲು ಮಡಿಚುತ್ತ ಅಂದ. "ಕಾಣಬಾರದು ಅಂತನ ಮುಚ್ಚತೀವಲ್ರಿ."

ನಾನು ಗಿರಣಿ ಮಾಲಕನ ಮುಖ ನೋಡಿದೆ. "ನೀವ ಹೇಳ್ರಿ. ನಾಕು ಹಿಡದಿದ್ರೋ ಇಲ್ಲೋ?"

"ಹಿಡದಿದ್ನಿರಿ. ಸುಳ್ಳ ಯಾಕ ಹೇಳಲಿ?" ಅವನು ಬೆರಳು ತಿಕ್ಕಿಕೊಂಡ. "ನಾ ನಾಕು ಕಾರಣ ಎಣಿಸಿದ್ದೆ."

"ಅಂದ್ರ ನಿಮ್ಮ ನಾಕು ಕಾರಣ, ನನ್ನ ಒಂದು ದರ?"

"ನೀವ ಅಂದ್ರಲ್ಲ, ಐದೂ ಅಲ್ಲ, ನಾಕೂ ಅಲ್ಲ ಅಂತ. ಇಷ್ಟು ಮಂದಿ ಕೇಳ್ಯಾರ. ಮತ್ತ ನಿಮ್ಮ ಮಾತು ಖರೇ ಅದ ರೀ. ನಾ ಒಪ್ಪಿದೆ. ಅದಕ್ಕ ಹೂಂ ಅಂದೆ."

ಹಿಂದಿನಿಂದ ಮುಕಾದಮ ಕಿವಿಯ ಬೀಡಿ ತೆಗೆದು ಹೊತ್ತಿಸಿದ. "ಯುದ್ಧಕ್ಕೂ ಬೆನ್ನಿಗೂ ಸಂಬಂಧ ಇಲ್ಲ ಅಂದಿದ್ರಿ ಸಾವಕಾರ್ರ," ಎಂದ. "ಬೆರಳಿಗೆ ಐತಿ ಅನಸತೈತಿ."

ನಾಳೆ ಗೋದಾಮು ಬಿಡಬೇಕಿತ್ತು. ಚೀಲ ಹೊರಗಿದ್ದವು. ಟವಲು ಎಳೆದಾಗಿತ್ತು. ಗಿರಣಿ ಮಾಲಕ ತರಿಸಿದ ಲಾರಿಗೆ ಮಾಲು ಹೇರಿಸಿ ಸೊಲ್ಲಾಪುರಕ್ಕೆ ಬಂದೆ. ಎರಡು ದಿನಕ್ಕೆ ಯುದ್ಧ ಮುಗಿಯಿತು, ಮಾಸ್ತರರದು ಮೂರು ದಿನಕ್ಕೆ. ಕಾರಣದ ಮಾತು ಮುಗಿಯಲಿಲ್ಲ. ಇವತ್ತಿಗೂ ಮಾಸ್ತರರೂ ದರ್ಜಿಯೂ ನನ್ನ ಗಾದಿಯ ಮೇಲೆ ಕೂತು ಅದನ್ನೇ ಹುಡುಕುತ್ತಿದ್ದಾರೆ. ಕಾರಣ ಗೊತ್ತಿರುವವನು ಮೂರು ಮೊಳ ದೂರದಲ್ಲಿ ಕೂತಿದ್ದಾನೆ. ಅವನನ್ನು ಕೇಳುವುದಿಲ್ಲ.

ಕೊನೆಯ ಲೆಕ್ಕ ಹೀಗಿದೆ. ಚೀಲಕ್ಕೆ ಮೂರರಂತೆ ಆರು ನೂರು ಬಂತು. ಗೋದಾಮಿನ ಬಾಡಿಗೆ ಇನ್ನೂರ ನಲವತ್ತು, ಮಾಲು ತಂದ ಚಕ್ಕಡಿಗೆ ನೂರು, ದಲಾಲನಿಗೆ ನೂರು, ಹಮಾಲರಿಗೆ ಎಪ್ಪತ್ತು, ನಿಂತುಕೊಂಡು ಹೋದ ಬಸ್ಸು, ಕೂತು ಬಂದ ಬಸ್ಸು, ಚಹಾ ಎಲ್ಲ ಕೂಡಿ ಹತ್ತು ಹೋದವು. ಗಳಿಸಿದ್ದು ಎಂಬತ್ತು ರೂಪಾಯಿ ಮತ್ತು ಯುದ್ಧದ ಖರೇ ಕಾರಣ ಒಂದು. ರೂಪಾಯಿ ಆ ತಿಂಗಳೇ ಖರ್ಚಾದವು. ಕಾರಣಕ್ಕೆ ಇನ್ನೂ ಗಿರಾಕಿ ಬಂದಿಲ್ಲ.